32 ವಾರಕ್ಕ ಕೂಸಿನ ತೂಕ ಕಡಿಮಿ ಅಂತ ಸ್ಕ್ಯಾನ್ ಬಂದದ, ಅನುಭವ ಇದ್ದವ್ರು ಹೇಳ್ರಿ

ಶಹಾಪುರದಾಂವ: ನಮ್ಮ ತಂಗಿಗಿ 32 ವಾರ. ಕೂಸು 1.5 ಕೆಜಿ, ಹಿಮೋಗ್ಲೋಬಿನ್ 8.9. ಪ್ರೋಟೀನ್ ಪೌಡರ್ ಕುಡಸ್ಲೇನ್ರಿ?

ಸೇಡಂ ಸೊಸಿ: ಪೌಡರಿಗಿ ರೊಕ್ಕ ಸುರೀಬ್ಯಾಡ್ರಿ. ಡಬ್ಬಿಗಿ 650, ನಾಕು ಡಬ್ಬಿಗಿ 2,600 ಹೋದ್ವು, ತೊಗರಿಬ್ಯಾಳಿ, ಶೇಂಗಾ, ತತ್ತಿ ಕೊಡದಿದ್ದು ಅದೇನೂ ಕೊಡ್ಲಿಲ್ಲ. ಮೊದಲ ತಾರೀಖು ನೋಡ್ರಿ. ಕಡೀ ಮುಟ್ಟಿನ ದಿನ ತಪ್ಪು ಹೇಳಿದ್ರ 30 ವಾರದ ಕೂಸಿಗಿ 32 ಅಂತ ಬರೀತಾರ, 30ಕ್ಕ 1.5 ಕೆಜಿ ಬರೋಬ್ಬರಿ. ಮೂರು ತಿಂಗಳೊಳಗ ಮಾಡಿಸಿದ ಸ್ಕ್ಯಾನಿನ ತಾರೀಖೇ ಹಿಡೀಬೇಕು.

ಬೀದರ್ ನರ್ಸ್: ತಾರೀಖು ಸರಿ ಇದ್ರ ಏನ್ ಮಾಡ್ತೀರಿ ಅಕ್ಕಾ? ಸ್ಕ್ಯಾನಿನ ತೂಕ ಅಂದಾಜು, ನೂರಕ್ಕ 10-15 ಹಿಂದಮುಂದ ಆಗ್ತದ. ರಿಪೋರ್ಟಿನಾಗ ‘ಎಸಿ’ ನೋಡ್ರಿ, ಅದು ಕೂಸಿನ ಹೊಟ್ಟಿ ಸುತ್ತಳತಿ. ತಲಿ ಅಳತಿ ಸರಿ ಇದ್ದು ಎಸಿ ಅಷ್ಟೇ ಹಿಂದ ಬಿದ್ರ ಮಾಸಿನಿಂದ ರಕ್ತ ಸಾಲವಲ್ದು ಅನ್ನೋ ಅನುಮಾನ: ಸಿಕ್ಕಿದ್ದು ಮೆದುಳಿಗಿ ಹೋಗ್ತದ, ಪಿತ್ತಜನಕಾಂಗ ಸಣ್ಣ ಉಳೀತದ. ರಕ್ತದ ಹರಿವು ನೋಡೋ ಡಾಪ್ಲರ್ ಸ್ಕ್ಯಾನ್ ಕೇಳ್ರಿ, ಬಿಪಿ 140/90 ಮುಟ್ಟಿದ್ರ ತಡ ಬ್ಯಾಡ. ಬೆಳವಣಿಗಿ ಅಳೀಲಿಕ್ಕ ಎರಡು ವಾರದೊಳಗ ಮತ್ತ ಸ್ಕ್ಯಾನ್ ಮಾಡ್ಸಿದ್ರ ವ್ಯರ್ಥ. ಹೊರಳಾಟ ಕಡಿಮಿ ಅನಿಸಿದ್ರ ಮಾತ್ರ ಅವತ್ತೇ ದವಾಖಾನಿಗಿ ನಡೀರಿ.

ಚಿಂಚೋಳಿ ಅಂಗನವಾಡಿ: 8.9 ಯಾರಿಗೂ ಕಾಣ್ಲಿಲ್ಲೇನು? 10ರ ಕೆಳಗ ಬಂದ್ರ ಮಧ್ಯಮ ರಕ್ತಹೀನತಿ. ಡಾಕ್ಟರಿಗಿ ಕೇಳಿ ಕಬ್ಬಿಣದ ಗುಳಿಗಿ ದಿನಕ್ಕ ಎರಡು. ಚಾದ ಜೊತಿ ನುಂಗಿದ್ರ ಮೈಗಿ ಹತ್ತಂಗಿಲ್ಲ. ಕ್ಯಾಲ್ಸಿಯಂಗೂ ಅದಕ್ಕೂ ಎರಡು ತಾಸು ಅಂತರ ಇರ್ಲಿ. ಹಿಮೋಗ್ಲೋಬಿನ್ ತಿಂಗಳಿಗಿ ಒಂದು ಗ್ರಾಂ ಏರದಿದ್ರ ಸಲೈನ್‌ದಾಗ ಕಬ್ಬಿಣ ಹಾಕ್ತಾರ. ಹಲ್ಲಿಗಿ ಮಿಶ್ರಿ (ತಂಬಾಕಿನ ಪುಡಿ) ಹಚ್ಚತಾಳೇನು ಕೇಳ್ರಿ, ತಂಬಾಕಿನಿಂದ ಕೂಸಿನ ತೂಕ ಇಳೀತದ. ಅಂಗನವಾಡಿ ಕೇಂದ್ರದಾಗ ಬಸರೇರಿಗಿ ಕೊಡೋ ಮಾತೃಪೂರ್ಣ ಊಟಕ್ಕೂ ಕಳಸ್ರಿ.

ಸೇಡಂ ಸೊಸಿ: ಎಂಟು ತಿಂಗಳ ಬಸರಿ ಮೇ ಬಿಸಿಲಾಗ ಕೇಂದ್ರಕ್ಕ ನಡೀಬೇಕು, ಭಾಳ ಛಲೋ ಸಲಹಾ.

ಚಿಂಚೋಳಿ ಅಂಗನವಾಡಿ: 2,600ರ ಡಬ್ಬಿ ತರ್ಲಿಕ್ಕ ಬಿಸಿಲು ಅಡ್ಡ ಬರ್ಲಿಲ್ಲಲ್ಲ!

ಹುಮನಾಬಾದ ಅತ್ತಿ: ಜಾಸ್ತಿ ತಿನಸಬ್ಯಾಡ್ರಿ, ಕೂಸು ದಪ್ಪಾಗಿ ಸಿಜೇರಿಯನ್ ಆಗ್ತದ.

ಬೀದರ್ ನರ್ಸ್: ಅತ್ತೇರ, 1.5 ಕೆಜಿ ಕೂಸಿಗಿ ಈ ಮಾತಾ? ಸಕ್ಕರಿ ಕಾಯಿಲೆ ಹತೋಟಿ ತಪ್ಪಿದ್ರ ಕೂಸು ದಪ್ಪ ಆಗ್ತದ, ರೊಟ್ಟಿ ಉಂಡ್ರ ಅಲ್ಲ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ತಾಸಿಗಿ ರಕ್ತದಾಗಿನ ಸಕ್ಕರಿ 140 ಮುಟ್ಟಿದ್ರ ಆಗ ಊಟದ ಲೆಕ್ಕ ಮಾಡ್ರಿ.

ಹುಮನಾಬಾದ ಅತ್ತಿ: ನಾಕು ಹಡದಾಕಿಗಿ ಕಲಸ್ಲಿಕ್ಕ ಬರಬ್ಯಾಡ.