ತಲೆಗೆ ಪೆಟ್ಟು ಬಿದ್ದ ಅಪ್ಪನಿಗೆ ಡಿಸೆಬಿಲಿಟಿ ಪೆನ್ಶನ್ ಸಿಗಲಿಲ್ಲ, ಮುಂದೇನು?

ಫೌಜಿ ಮಗಳು, ಹಾಸನ:
ಅಪ್ಪ ಹವಾಲ್ದಾರ್ ಆಗಿದ್ದರು. ಡ್ಯೂಟಿಯಲ್ಲಿ ಟ್ರಕ್ ಉರುಳಿ ತಲೆಗೆ ಪೆಟ್ಟಾಯಿತು. ಈಗ ಒಲೆ ಮೇಲೆ ಹಾಲಿಟ್ಟು ಮರೆತುಬಿಡುತ್ತಾರೆ, ಮೊಮ್ಮಗನ ಹೆಸರು ನೆನಪಾಗದೆ ಸಿಟ್ಟು ಮಾಡ್ತಾರೆ, ಆಮೇಲೆ ಜಗಲಿ ಮೇಲೆ ಕೂತು ಅಳುತ್ತಾರೆ. ನಿವೃತ್ತಿಯಾಗುವಾಗ ಮೆಡಿಕಲ್ ಬೋರ್ಡ್ ಬರೀ 15% ಅಂಗವೈಕಲ್ಯ ಅಂತ ಬರೆದಿದೆ. ಅರ್ಜಿ ವಾಪಸ್ ಬಂತು.

ಮಾಜಿ ಸುಬೇದಾರ್:
ತಾಯಿ, 20%ಗಿಂತ ಕಡಿಮೆ ಬರೆದರೆ ಸಾಮಾನ್ಯವಾಗಿ ಕೊಡಲ್ಲ, ಗಂಟು ಇರೋದು ಅಲ್ಲೇ. ಮೊದಲು ಅಪಘಾತದ ಇಂಜುರಿ ರಿಪೋರ್ಟ್ ಹುಡುಕಿ, ಅಪ್ಪನ ಟ್ರಂಕಿನಲ್ಲೇ ಇರಬಹುದು. ಇಲ್ಲದಿದ್ದರೆ ಅಪ್ಪನ ಸೇವಾ ದಾಖಲೆ ಇಡುವ ಸೇನೆಯ ರೆಕಾರ್ಡ್ ಆಫೀಸಿಗೆ ಬರೆಯಿರಿ. ಜಿಲ್ಲಾ ಸೈನಿಕ ಕಚೇರಿಯವರು ಪತ್ರ ಬರೆಯೋಕೆ ಸಹಾಯ ಮಾಡ್ತಾರೆ. ಮೇಲ್ಮನವಿ ಹಾಕಿ, ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕ ಅದರ ಕೊಚ್ಚಿ ಪೀಠಕ್ಕೆ ಬರುತ್ತೆ. ಕೊನೆಯ ಆದೇಶ ಬಂದ ಮೇಲೆ 6 ತಿಂಗಳೊಳಗೆ ಹೋಗಬೇಕು, ಸುಮ್ನೆ ಕೂರಬೇಡಿ.

ನರ್ಸ್ ಅಕ್ಕ:
ಸ್ಕ್ಯಾನ್ ನಾರ್ಮಲ್ ಬಂದರೂ ನೆನಪು, ಸಿಟ್ಟು, ನಿದ್ದೆಯ ತೊಂದರೆ ಇರಬಹುದು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ದರೆ ನರರೋಗ ತಜ್ಞರಿಗೆ ರೆಫರಲ್ ಕೇಳಿ. ನೆನಪು, ಗಮನ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ನಿಮ್ಹಾನ್ಸ್‌ನಲ್ಲಿ ಮಾಡ್ತಾರೆ. ದಿನಾ ಏನಾಯ್ತು ಅಂತ ತಾರೀಖು ಹಾಕಿ ಬರೆದಿಡಿ, ಆ ಹಾಲಿನ ವಿಷಯ ಕೂಡ. ಡಾಕ್ಟರ ಮುಂದೆ ಅಪ್ಪಂದಿರು "ಚೆನ್ನಾಗಿದ್ದೀನಿ" ಅಂದುಬಿಡ್ತಾರೆ, ಅಲ್ವಾ?

ಕೊಡಗಿನವ:
ಫಿಟ್ಸ್ ಬರುತ್ತಾ? 2013ರ ಧರಮ್‌ವೀರ್ ಸಿಂಗ್ ತೀರ್ಪು ಫಿಟ್ಸ್ ಬಂದ ಸೈನಿಕನದ್ದೇ. ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಿಂದ ಬಂದಿದ್ದು ಅಂತ ಭಾವಿಸಬೇಕು ಅಂದಿತು ಸುಪ್ರೀಂ ಕೋರ್ಟ್. ವಕೀಲರಿಗೆ ತೋರಿಸಿ.

ಫೌಜಿ ಮಗಳು, ಹಾಸನ:
ಟ್ರಂಕ್ ತೆಗೆದೆ. ರಿಪೋರ್ಟ್ ಸಿಕ್ಕಿತು, ಅಂಚು ಸ್ವಲ್ಪ ಹರಿದಿದೆ. ಸೋಮವಾರ ಸೈನಿಕ ಕಚೇರಿಗೆ ಅಪ್ಪನ ಜೊತೆ ಹೋಗ್ತೀನಿ.