‘ಶುದ್ಧೀಕರಿಸಿದ ನೀರು’, ‘ಸಂಸ್ಕರಿಸಿದ ನೀರು’: ಇವೆರಡೂ ಒಂದೇ ಅರ್ಥದ ಪದಗಳೇ?

ಮಾನ್ಯರೇ,

ಕೋಲಾರ ಜಿಲ್ಲೆಯ ಕೆರೆ ಅಚ್ಚುಕಟ್ಟಿನ ರೈತರಿಗೆಂದು ಸಿದ್ಧವಾಗುತ್ತಿರುವ ಒಂದು ಕಿರುಹೊತ್ತಗೆಯ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಒಂದೇ ನೀರನ್ನು ಒಂದು ಪುಟದಲ್ಲಿ ‘ಸಂಸ್ಕರಿಸಿದ ನೀರು’ ಎಂದೂ ಮುಂದಿನ ಪುಟದಲ್ಲಿ ‘ಶುದ್ಧೀಕರಿಸಿದ ನೀರು’ ಎಂದೂ ಕರೆಯಲಾಗಿದೆ. ಪತ್ರಿಕೆಗಳಲ್ಲಿಯೂ ಈ ಎರಡು ಪದಗಳು ಒಂದರ ಜಾಗದಲ್ಲಿ ಇನ್ನೊಂದು ಬರುತ್ತಲೇ ಇರುತ್ತವೆ. ಇವನ್ನು ಸಮಾನಾರ್ಥಕಗಳೆಂದು ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ.

ಪ್ರಸ್ತಾಪವಾಗಿರುವುದು ಊರವರ ಬಾಯಲ್ಲಿ ‘ಕೆ.ಸಿ. ವ್ಯಾಲಿ ನೀರು’ ಎಂದೇ ಹೆಸರಾಗಿರುವ ನೀರು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ವರೆಗೆ ಕೋಲಾರದ ಕೆರೆಗಳಿಗೆ ಹರಿಸುವ ಈ ಯೋಜನೆಯ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಯನ್ನು ಮುಟ್ಟಿತು. ಮೊದಲ ಹಂತದಲ್ಲಿ ಕಸಕಡ್ಡಿಯನ್ನು ಜಾಲರಿಯಲ್ಲಿ ತಡೆದು ಮಡ್ಡಿಯನ್ನು ತಳಕ್ಕೆ ಕೂರಿಸುತ್ತಾರೆ. ಎರಡನೆಯ ಹಂತದಲ್ಲಿ, ಗಾಳಿಯೂದಿ ಬೆಳೆಸಿದ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ಕೊಳೆಯನ್ನು ತಿನ್ನುತ್ತವೆ. ಇಷ್ಟಾದ ಮೇಲೆ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಸಾರಜನಕ ಮತ್ತು ರಂಜಕದ ಅಂಶಗಳು ಅದರಲ್ಲಿ ಉಳಿದಿರುತ್ತವೆ, ರೋಗಾಣುಗಳೂ ಪೂರ್ತಿಯಾಗಿ ಹೋಗಿರುವುದಿಲ್ಲ. ಅವನ್ನು ಇಳಿಸುವುದು ಮೂರನೆಯ ಹಂತದ ಕೆಲಸ. ಆ ಹಂತವೂ ಬೇಕೆಂದೇ ಕೋಲಾರದ ಹೋರಾಟಗಾರರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು. ಯೋಜನೆಯ ಉದ್ದೇಶವೂ ಕೆರೆ ತುಂಬಿಸಿ ಅಂತರ್ಜಲವನ್ನು ಹೆಚ್ಚಿಸುವುದೇ ಹೊರತು, ಆ ನೀರನ್ನು ಕೆರೆಯಿಂದ ನೇರವಾಗಿ ಎತ್ತಿ ಬಳಸುವುದಲ್ಲ.

ಹೀಗಿರುವಾಗ ಈ ನೀರಿಗೆ ‘ಶುದ್ಧೀಕರಿಸಿದ’ ಎಂಬ ವಿಶೇಷಣವನ್ನು ಹಚ್ಚಿದರೆ ಓದುವ ರೈತ ಏನೆಂದು ತಿಳಿಯಬೇಕು? ಫ್ಲೋರೈಡ್ ಕಾಟವಿರುವ ಈ ಸೀಮೆಯ ಹಳ್ಳಿಗಳಲ್ಲಿ ‘ಶುದ್ಧ ಕುಡಿಯುವ ನೀರಿನ ಘಟಕ’ ಎಂಬ ಫಲಕದ ಮುಂದೆ ಜನರು ದಿನವೂ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುತ್ತಾರೆ. ಅವರ ಮಟ್ಟಿಗೆ ನೀರಿನ ವಿಷಯದಲ್ಲಿ ‘ಶುದ್ಧ’ವೆಂದರೆ ಕುಡಿಯಬಹುದಾದದ್ದು ಎಂಬ ಅರ್ಥ ಆಗಲೇ ನೆಲೆಯೂರಿದೆ. ಅದೇ ಪದವನ್ನು ಕೆರೆಯ ನೀರಿಗೂ ಕೊಟ್ಟರೆ, ಸೊಪ್ಪು ತೊಳೆಯುವವರಿಗೂ ಮಕ್ಕಳನ್ನು ಈಜಲು ಬಿಡುವವರಿಗೂ ನಾವೇ ಧೈರ್ಯ ಕೊಟ್ಟಂತಾಗುತ್ತದೆ. ಪದವೊಂದರ ತಪ್ಪು ಬಳಕೆಯಿಂದ ಹೊಟ್ಟೆಬೇನೆ ಬರಬಹುದಾದ ಅಪರೂಪದ ಪ್ರಸಂಗಗಳಲ್ಲಿ ಇದೂ ಒಂದು.

‘ಸಂಸ್ಕರಿಸು’ ಎಂಬುದು ಇಂಥ ಭರವಸೆಯನ್ನು ಕೊಡುವುದಿಲ್ಲ. ‘ಆಹಾರ ಸಂಸ್ಕರಣೆ’ ಎನ್ನುವಾಗ ನಾವು ಹೇಳುವುದು ವಸ್ತುವನ್ನು ಒಂದು ಕೆಲಸಕ್ಕೆ ಅಣಿಗೊಳಿಸಿದ್ದೇವೆ ಎಂದಷ್ಟೇ. ಯಾವ ಕೆಲಸಕ್ಕೆ ಎಂಬುದನ್ನು ಬೇರೆಯಾಗಿ ಹೇಳಬೇಕಾಗುತ್ತದೆ, ಮತ್ತು ಹಾಗೆ ಹೇಳಬೇಕಾಗಿ ಬರುವುದೇ ಈ ಪದದ ಗುಣವೆಂದು ನನಗನಿಸುತ್ತದೆ. ಆದ್ದರಿಂದ ‘ಎರಡು ಹಂತ ಸಂಸ್ಕರಿಸಿದ, ಕೆರೆ ತುಂಬಿಸುವ ನೀರು’ ಎಂದು ಹಂತವನ್ನೂ ಬಳಕೆಯನ್ನೂ ಕೂಡಿಸಿಯೇ ಬರೆಯಬೇಕೆಂಬುದು ನನ್ನ ಸಲಹೆ. ಉದ್ದವಾಯಿತೆಂಬ ಆಕ್ಷೇಪವನ್ನು ಒಪ್ಪುತ್ತೇನೆ. ಒಬ್ಬರು ‘ತಿಳಿಗೊಳಿಸಿದ ನೀರು’ ಎಂಬುದನ್ನು ಸೂಚಿಸಿದರು; ಕೇಳಲು ಇಂಪಾದರೂ ತಿಳಿಯಾದದ್ದೆಲ್ಲ ನಿರಪಾಯವಲ್ಲವಾದ್ದರಿಂದ ಅದನ್ನು ಕೈಬಿಟ್ಟೆ.

ಮೂಲದ ನೀರಿನ ಹೆಸರೂ ತೊಡಕಿನದೇ. ‘ತ್ಯಾಜ್ಯ’ವೆಂದರೆ ಬಿಡತಕ್ಕದ್ದು, ‘ತ್ಯಾಜ್ಯನೀರಿನ ಮರುಬಳಕೆ’ ಎಂಬಲ್ಲಿ ಬಿಡತಕ್ಕದ್ದನ್ನೇ ಹಿಡಿಯಿರೆಂದು ಹೇಳಿದಂತಾಗುತ್ತದೆ. ಬೆಂಗಳೂರಿನ ‘ಮೋರಿ ನೀರು’, ಧಾರವಾಡದ ಕಡೆಯ ‘ಗಟಾರ ನೀರು’ ಜೀವಂತ ಪದಗಳಾದರೂ ಆಯಾ ಸೀಮೆಗೆ ಸೇರಿದವು. ಕೋಲಾರದಲ್ಲಿ ತೆಲುಗು ಮನೆಮಾತಿನವರು ಬಹಳ ಇರುವುದರಿಂದ ‘ಮುರುಗು ನೀರು’ ಎಂದರೂ ಅಲ್ಲಿ ಅರ್ಥವಾದೀತು. ನಾನು ಸದ್ಯಕ್ಕೆ ‘ಕೊಳಚೆ ನೀರು’ ಎಂದೇ ಉಳಿಸಿದ್ದೇನೆ.

ಇನ್ನು ‘ಬೂದು ನೀರು’. ಪಂಚಾಯಿತಿಗಳ ಸುತ್ತೋಲೆಗಳಲ್ಲಿ ಕಾಣುವ ಈ ಪದ ಇಂಗ್ಲಿಷಿನ ‘ಗ್ರೇ ವಾಟರ್’ ಎಂಬುದರ ಬಣ್ಣವನ್ನಷ್ಟೇ ಅನುವಾದಿಸಿದೆ. ಕೇಳಿದವರಿಗೆ ಬೂದಿ ಕಲಸಿದ ನೀರು ನೆನಪಾದರೆ ಅವರ ತಪ್ಪಲ್ಲ. ಶೌಚದ ನೀರು ಸೇರದ, ಮೈ ತೊಳೆದ, ಪಾತ್ರೆ ತೊಳೆದ ನೀರಿಗೆ ನಮ್ಮಲ್ಲಿ ‘ಬಚ್ಚಲ ನೀರು’ ಎಂಬ ಮಾತು ಇದ್ದೇ ಇದೆ, ಅದನ್ನು ಹಿತ್ತಲ ಬಾಳೆಗೂ ತೆಂಗಿಗೂ ಹರಿಸುವ ರೂಢಿಯೂ ಇದೆ. ನರೇಗಾ ಕಾಮಗಾರಿಗಳಲ್ಲಿ ಸರ್ಕಾರವೇ ‘ಬಚ್ಚಲು ಗುಂಡಿ’ ಎಂಬ ಹೆಸರನ್ನು ಬಳಸಿರುವಾಗ, ಆ ಗುಂಡಿಗೆ ಇಳಿಯುವ ನೀರನ್ನು ಬೂದು ನೀರೆಂದು ಕರೆಯಬೇಕಾದ ಅಗತ್ಯ ನನಗೆ ಕಾಣುತ್ತಿಲ್ಲ.

ಬಲ್ಲವರಲ್ಲಿ ಎರಡು ಪ್ರಶ್ನೆಗಳಿವೆ. ಪೂರ್ತಿ ಶುದ್ಧವಾಗದಿದ್ದರೂ ಒಂದು ಬಳಕೆಗೆ ತಕ್ಕಷ್ಟು ಹಸನಾದ ನೀರಿಗೆ ನಿಮ್ಮ ಸೀಮೆಯಲ್ಲಿ ಆಡುಮಾತಿನ ಪದವೇನಾದರೂ ಇದೆಯೇ? ‘ಬಚ್ಚಲ ನೀರು’ ಎಂದಾಗ ಅಡುಗೆಮನೆಯ ನೀರೂ ಅದರಲ್ಲಿ ಸೇರಿದೆಯೆಂದು ನಿಮ್ಮ ಕಡೆಯವರು ಗ್ರಹಿಸುತ್ತಾರೆಯೇ, ಅಥವಾ ಅದನ್ನು ಬಿಡಿಸಿ ಹೇಳಬೇಕೇ?