ಐರ್ಲೆಂಡಿನ ಕ್ಯಾಥೊಲಿಕ್ ಪ್ರೈಮರಿ ಶಾಲೆ: ಧರ್ಮಪಾಠಕ್ಕೆ ಮಗುವನ್ನು ಕೂರಿಸಬೇಕೇ?

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಮಗನನ್ನು ಕ್ಯಾಥೊಲಿಕ್ ಶಾಲೆಯ ಜೂನಿಯರ್ ಇನ್‌ಫೆಂಟ್ಸ್‌ಗೆ, ಅಂದರೆ ಪ್ರೈಮರಿಯ ಮೊದಲ ವರ್ಷಕ್ಕೆ, ಸೇರಿಸಲಿರುವ ದಂಪತಿ ಅವನನ್ನು ಧರ್ಮಪಾಠಕ್ಕೆ ಕೂರಿಸಬೇಕೇ ಅಂತ ಕೇಳಿದ ಪ್ರಶ್ನೆಗೆ ನಮ್ಮ ಗುಂಪಿನಲ್ಲಿ ಎರಡು ಥರದ ಉತ್ತರ ಬಂದಿವೆ. "ಏನೂ ಆಗಲ್ಲ, ನಾವೂ ಕಾನ್ವೆಂಟಿನಲ್ಲಿ ಓದಿದವರೇ ಅಲ್ವಾ" ಅನ್ನುವುದು ಒಂದು. "ಮೊದಲ ದಿನವೇ ಪತ್ರ ಕೊಟ್ಟು ಆ ಪಾಠದಿಂದ ಬಿಡಿಸಿಬಿಡಿ" ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ನನ್ನ ಮಗಳು ಈಗ ಡಬ್ಲಿನ್‌ನ ಕ್ಯಾಥೊಲಿಕ್ ಶಾಲೆಯೊಂದರಲ್ಲಿ ನಾಲ್ಕನೇ ತರಗತಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಆ ಕಾನ್ವೆಂಟಿನ ಮಾತು. ನಮ್ಮಲ್ಲಿ ಕ್ರೈಸ್ತರ ಶಾಲೆಗಳಲ್ಲಿ ಓದಿದ ಬಹಳಷ್ಟು ಜನರಿಗೆ ನೆನಪಿರಬಹುದು: ಕ್ಯಾಥೊಲಿಕ್ ಮಕ್ಕಳು ಕ್ಯಾಟೆಕಿಸಂಗೆ, ಅಂದರೆ ತಮ್ಮ ಧರ್ಮಪಾಠಕ್ಕೆ, ಎದ್ದು ಹೋಗುತ್ತಿದ್ದರು, ಉಳಿದವರು ಮಾರಲ್ ಸೈನ್ಸ್‌ಗೆ ಕೂರುತ್ತಿದ್ದೆವು. ಅಸೆಂಬ್ಲಿಯ ಪ್ರಾರ್ಥನೆ ಬಿಟ್ಟರೆ ಅವರ ನಂಬಿಕೆಯ ಪಾಠ ನಮ್ಮ ಕಿವಿಗೆ ಬೀಳುತ್ತಲೇ ಇರಲಿಲ್ಲ. ಐರ್ಲೆಂಡಿನಲ್ಲಿ ಆ ವಿಂಗಡಣೆ ಇಲ್ಲ. ಇಲ್ಲಿನ ಪ್ರೈಮರಿ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕ್ಯಾಥೊಲಿಕ್ ಆಡಳಿತದವು. ಸಂಬಳ ಕೊಡುವುದು ಸರ್ಕಾರ, ಆದರೆ ಶಾಲೆಯ ಪೇಟ್ರನ್, ಅಂದರೆ ಶಾಲೆಯ ಧ್ಯೇಯಕ್ಕೆ ಹೊಣೆಯಾದವರು, ಸಾಮಾನ್ಯವಾಗಿ ಆ ಪ್ರಾಂತ್ಯದ ಬಿಷಪ್. ಧರ್ಮಪಾಠವನ್ನು ಹೇಳುವವರು ಗಣಿತ ಹೇಳುವ ಅದೇ ಟೀಚರ್, ಅದೇ ಕೋಣೆಯಲ್ಲಿ, ಇಡೀ ತರಗತಿಗೆ. ದಿನಕ್ಕೆ ಅರ್ಧ ಗಂಟೆ ಅನ್ನುವುದು ಬಹುಕಾಲದ ರೂಢಿ.

ಆ ಅರ್ಧ ಗಂಟೆಯಲ್ಲಿ ಏನಿರುತ್ತದೆ? ಹೆಚ್ಚಿನ ಶಾಲೆಗಳಲ್ಲಿ "ಗ್ರೋ ಇನ್ ಲವ್" ಪುಸ್ತಕಗಳು. ಐರ್ಲೆಂಡಿನ ಬಿಷಪ್ಪರ ಮಂಡಳಿ 2015ರಲ್ಲಿ ಹೊರತಂದ ಪಠ್ಯಕ್ರಮಕ್ಕೆ ಹೊಂದಿಸಿ ಬರೆದವು. ಕ್ರೈಸ್ತ ನಂಬಿಕೆ, ದೇವರ ವಾಕ್ಯ, ಪೂಜಾವಿಧಿ ಮತ್ತು ಪ್ರಾರ್ಥನೆ, ಕ್ರೈಸ್ತ ನೀತಿ ಅಂತ ನಾಲ್ಕು ಎಳೆಗಳು. ಚಿಕ್ಕ ತರಗತಿಗಳಲ್ಲಿ ಅದು ಬಹುಮಟ್ಟಿಗೆ ಕಥೆ, ಹಾಡು, ಚಿತ್ರ. ಸೃಷ್ಟಿಯ ಬಗ್ಗೆ ಬೆರಗು, ಗೆಳೆಯರನ್ನು ಕ್ಷಮಿಸುವುದು, ಯೇಸುವಿನ ಜನನ. ತರಗತಿಯ ಮೂಲೆಯಲ್ಲಿ ಪುಟ್ಟ ಪ್ರಾರ್ಥನಾ ಮೇಜು, ಅದರ ಮೇಲಿನ ಬಟ್ಟೆ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ: ಕ್ರಿಸ್ಮಸ್‌ಗೆ ಮುಂಚಿನ ಆಗಮನಕಾಲಕ್ಕೂ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲಕ್ಕೂ ನೇರಳೆ, ಕ್ರಿಸ್ಮಸ್ ಮತ್ತು ಈಸ್ಟರ್‌ಗೆ ಬಿಳಿ, ಉಳಿದ ದಿನಗಳಲ್ಲಿ ಹಸಿರು. ಫೆಬ್ರವರಿ 1ಕ್ಕೆ ಜೊಂಡಿನಲ್ಲಿ ಸೇಂಟ್ ಬ್ರಿಜಿಡ್ ಶಿಲುಬೆ ಹೆಣೆಯುತ್ತಾರೆ. ತಪಸ್ಸುಕಾಲದಲ್ಲಿ ಟ್ರೋಕ್ರಾ ಎಂಬ ಕ್ಯಾಥೊಲಿಕ್ ನೆರವು ಸಂಸ್ಥೆಯ ರಟ್ಟಿನ ಡಬ್ಬಿ ಮನೆಗೆ ಬರುತ್ತದೆ, ಬಡದೇಶಗಳ ನೆರವಿಗೆ ಚಿಲ್ಲರೆ ಕೂಡಿಡಲು. ಇದರಲ್ಲಿ ಹೆದರುವಂಥದ್ದು ನನಗೆ ಕಾಣಲಿಲ್ಲ. ಈ ನಾಡಿನಲ್ಲಿ ಬೆಳೆಯುವ ಮಗು ಈ ನಾಡಿನವರ ನಂಬಿಕೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದೇ ಅಂತ ನಾನು ಮನಸಾರೆ ನಂಬುತ್ತೇನೆ.

ಆದರೆ ಇದು ಧರ್ಮದ ಬಗ್ಗೆ ತಿಳಿಸುವ ಪಾಠ ಮಾತ್ರವಲ್ಲ. ಮಗುವನ್ನು ಆ ನಂಬಿಕೆಯೊಳಗೆ ಬೆಳೆಸುವ ಪಾಠ. ಶಾಲೆಯವರು ಇದನ್ನು ಮುಚ್ಚಿಡುವುದಿಲ್ಲ, ಪ್ರವೇಶ ನೀತಿಯಲ್ಲೇ ಬರೆದಿರುತ್ತಾರೆ. ನಾವು ಓದದೆ ಸಹಿ ಹಾಕುತ್ತೇವೆ, ಅಷ್ಟೆ. "ಕ್ರೈಸ್ತರು ಹೀಗೆ ನಂಬುತ್ತಾರೆ" ಅನ್ನುವ ವಾಕ್ಯಕ್ಕೂ "ಯೇಸು ನಮ್ಮ ಗೆಳೆಯ, ಬನ್ನಿ ಅವನ ಜೊತೆ ಮಾತಾಡೋಣ" ಅನ್ನುವ ವಾಕ್ಯಕ್ಕೂ ಇರುವ ದೂರ ನಾಲ್ಕು ವರ್ಷದ ಮಗುವಿಗೆ ಗೊತ್ತಾಗುವುದಿಲ್ಲ. ಅದನ್ನು ಮನೆಯಲ್ಲಿ ನಾವೇ ತಿಳಿಸಬೇಕು.

ಕಾನೂನಿನ ವಿಷಯದಲ್ಲಿ ಇಲ್ಲಿ ಓಡಾಡುತ್ತಿರುವ ಕೆಲವು ಮಾತು ಹಳೆಯವು. ಬ್ಯಾಪ್ಟಿಸಂ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ಜ್ಞಾನಸ್ನಾನ) ಸರ್ಟಿಫಿಕೇಟ್ ಇಲ್ಲದಿದ್ದರೆ ಸೀಟು ಸಿಗಲ್ಲ ಅನ್ನುವ ಕಾಲ ಮುಗಿದಿದೆ. 2018ರ ಪ್ರವೇಶ ಕಾಯ್ದೆ ಬಂದ ಮೇಲೆ ಕ್ಯಾಥೊಲಿಕ್ ಪ್ರೈಮರಿ ಶಾಲೆಗಳು ಸೀಟು ಸಾಲದಾದಾಗ ಧರ್ಮ ನೋಡಿ ಆದ್ಯತೆ ಕೊಡುವಂತಿಲ್ಲ. ಸೀಟಿಗಾಗಿ ಮಗುವಿಗೆ ಜ್ಞಾನಸ್ನಾನ ಮಾಡಿಸುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ. ಅದರ ಅಗತ್ಯವೂ ಇಲ್ಲ, ಆ ಸಂಸ್ಕಾರವನ್ನು ಪ್ರಾಣದಂತೆ ಕಾಣುವವರಿಗೆ ಅದು ಅಗೌರವ ಕೂಡ. ಧರ್ಮಬೋಧನೆಗೆ ಕೂರದೆಯೇ ಸರ್ಕಾರಿ ಹಣ ಪಡೆಯುವ ಶಾಲೆಯಲ್ಲಿ ಓದುವ ಹಕ್ಕು ಐರ್ಲೆಂಡಿನ ಸಂವಿಧಾನದ 44ನೇ ವಿಧಿಯಲ್ಲೇ ಇದೆ, 1998ರ ಶಿಕ್ಷಣ ಕಾಯ್ದೆಯಲ್ಲೂ ಇದೆ. ಹಾಗೆ ಕೇಳಿಕೊಂಡ ಮಕ್ಕಳಿಗೆ ಏನು ವ್ಯವಸ್ಥೆ ಅಂತ ಶಾಲೆ ತನ್ನ ಪ್ರವೇಶ ನೀತಿಯಲ್ಲಿ ಬರೆಯಲೇಬೇಕು, ಅದಕ್ಕಾಗಿ ಆ ಮಗುವಿನ ಶಾಲಾ ದಿನವನ್ನು ಮೊಟಕು ಮಾಡುವಂತಿಲ್ಲ.

ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಕಷ್ಟ ಇರುವುದು ತರಗತಿಯಲ್ಲಿ. ಬೇರೆ ಟೀಚರ್ ಇಲ್ಲ, ಬೇರೆ ಕೋಣೆ ಇಲ್ಲ. ಹೆಚ್ಚಿನ ಕಡೆ ಬಿಡುವು ಪಡೆದ ಮಗು ಅದೇ ಬೆಂಚಿನಲ್ಲಿ ಪುಸ್ತಕ ಓದುತ್ತಲೋ ಬಣ್ಣ ತುಂಬುತ್ತಲೋ ಕೂತಿರುತ್ತದೆ, ಪಾಠವೆಲ್ಲ ಕಿವಿಗೆ ಬೀಳುತ್ತಲೇ ಇರುತ್ತದೆ. ಬೆಳಿಗ್ಗೆಯ, ಊಟದ, ಮನೆಗೆ ಹೊರಡುವ ಹೊತ್ತಿನ ಪ್ರಾರ್ಥನೆಗಳು ಆ ಅರ್ಧ ಗಂಟೆಯ ಲೆಕ್ಕಕ್ಕೇ ಸೇರುವುದಿಲ್ಲ. ಹಾಗಾಗಿ "ಮೊದಲ ದಿನವೇ ಬಿಡಿಸಿಬಿಡಿ" ಅನ್ನುವವರಿಗೆ ನನ್ನ ಪ್ರಶ್ನೆ ಇದು: ಬಿಡಿಸಿದ ಮೇಲೆ ಮಗು ಆ ಹೊತ್ತಿನಲ್ಲಿ ಏನು ಮಾಡುತ್ತದೆ? ಇದಕ್ಕೆ ಪ್ರಿನ್ಸಿಪಾಲರಿಂದ ನಿಖರವಾದ ಉತ್ತರ ಪಡೆಯದೆ ಪತ್ರ ಕೊಡಬೇಡಿ. ಎಲ್ಲರೂ ಹಾಡುವಾಗ ಒಂದು ಮಗು ಮಾತ್ರ ತಲೆ ತಗ್ಗಿಸಿ ಕೂತಿರುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

ನಮ್ಮ ಮನೆಯಲ್ಲಿ ಮಾಡಿದ್ದು ಹೀಗೆ. ಇನ್‌ಫೆಂಟ್ಸ್ ಎರಡು ವರ್ಷ, ಒಂದನೇ ತರಗತಿ, ಅಲ್ಲಿಯವರೆಗೆ ಪಾಠಕ್ಕೆ ಕೂರಲು ಬಿಟ್ಟೆವು. ಅವಳು ಊಟಕ್ಕೆ ಮುಂಚೆ ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡಾಗ ಗದರಿಸಲಿಲ್ಲ. ವಿಡಿಯೋ ಕಾಲ್‌ನಲ್ಲಿ ಅದನ್ನು ಕಂಡ ನಮ್ಮತ್ತೆಗೆ ಕಸಿವಿಸಿಯಾಯಿತು, ನಿಜ. ಅವರಿಗೆ ಸಮಾಧಾನ ಹೇಳಿದ ನನ್ನ ಗಂಡನೇ ಆಮೇಲೆ ಮಗಳಿಗೆ ಸಂಜೆಯ ದೀಪ ಹಚ್ಚುವ ಕೆಲಸ ವಹಿಸಿದರು. "ನಿನ್ನ ಗೆಳತಿಯರ ಮನೆಯಲ್ಲಿ ಹಾಗೆ ಪ್ರಾರ್ಥಿಸುತ್ತಾರೆ, ನಮ್ಮ ಮನೆಯಲ್ಲಿ ಹೀಗೆ" ಅಂತ ಹೇಳಿದ್ದು ಅವಳಿಗೆ ಸಲೀಸಾಗಿ ಅರ್ಥವಾಯಿತು. ಮಕ್ಕಳಿಗೆ ಎರಡು ಮನೆಯ ರೀತಿ ಗೊಂದಲ ತರುವುದಿಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದಾಗ ಶಾಲೆಯದ್ದೇ ಎಲ್ಲವೂ ಆಗುತ್ತದೆ.

ನಿಜವಾದ ಪರೀಕ್ಷೆ ಎರಡನೇ ತರಗತಿ. ಏಳೆಂಟು ವರ್ಷದ ಮಕ್ಕಳಿಗೆ ಆ ವರ್ಷ ಮೊದಲ ಪಾಪನಿವೇದನೆ, ಆಮೇಲೆ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಫಸ್ಟ್ ಕಮ್ಯೂನಿಯನ್, ಅಂದರೆ ಚರ್ಚಿನಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವ ಸಂಸ್ಕಾರ. ವರ್ಷವಿಡೀ ಅದೇ ಸಿದ್ಧತೆ, ಚರ್ಚಿಗೆ ಹೋಗಿ ಹಾಡಿನ ಅಭ್ಯಾಸ, ಬಿಳಿ ಗೌನು, ಸೂಟು, ನೆಂಟರು ಕೊಡುವ ದುಡ್ಡು, ಮನೆಮನೆಯಲ್ಲೂ ಪಾರ್ಟಿ. ನಮ್ಮ ಮಗಳಿಗೂ ಆಸೆಯಾಯಿತು. ಆಸೆ ಗೌನಿನ ಮೇಲೆ ಅಂತ ತಳ್ಳಿಹಾಕುವುದು ಸುಲಭ, ಆದರೆ ಅವಳು ಕೇಳಿದ್ದು "ನಾನೂ ಎಲ್ಲ ಪ್ರಾರ್ಥನೆ ಕಲಿತಿದ್ದೀನಲ್ಲ, ನನಗೆ ಯಾಕಿಲ್ಲ?" ಅಂತ. ನ್ಯಾಯವಾದ ಪ್ರಶ್ನೆ. ಅದು ಬಹುಮಾನವಲ್ಲ, ಜ್ಞಾನಸ್ನಾನದಿಂದ ಶುರುವಾದ ಒಂದು ದಾರಿಯಲ್ಲಿ ಅವರಿಡುವ ಹೆಜ್ಜೆ ಅಂತ ವಿವರಿಸಿದೆವು. ಆ ವರ್ಷದ ಸಂಸ್ಕಾರದ ಪಾಠಗಳಿಂದ ಮಾತ್ರ ಬಿಡುವು ಕೇಳಿದೆವು, ಸೆಪ್ಟೆಂಬರ್‌ನಲ್ಲೇ, ಮೇ ತನಕ ಕಾಯದೆ. ಆ ಹೊತ್ತಿಗೆ ಕನ್ನಡ ಓದುವ ಪುಸ್ತಕ ಕಳಿಸಿದೆ, ಟೀಚರ್ ಖುಷಿಯಿಂದ ಒಪ್ಪಿದರು. ಸಮಾರಂಭದ ದಿನ ಗೆಳತಿಯ ಮನೆಗೆ ಉಡುಗೊರೆ ಹಿಡಿದು ಹೋಗಿಬಂದೆವು. ಆರನೇ ತರಗತಿಯಲ್ಲಿ ದೃಢೀಕರಣದ ಸಂಸ್ಕಾರ (ಕನ್ಫರ್ಮೇಶನ್) ಬರುತ್ತದೆ, ಅಷ್ಟರಲ್ಲಿ ಮಕ್ಕಳು ತಾವೇ ಮಾತಾಡುವಷ್ಟು ಬೆಳೆದಿರುತ್ತಾರೆ.

ಇನ್ನೊಂದು ಮಾತು, ನಮ್ಮ ಗುಂಪಿನ ಕ್ಯಾಥೊಲಿಕ್ ಕುಟುಂಬಗಳ ಕಡೆಯಿಂದ. ಈ ಚರ್ಚೆಯಲ್ಲಿ ಅವರಿಲ್ಲವೇನೋ ಅನ್ನುವಂತೆ ಎಲ್ಲರೂ ಬರೆಯುತ್ತಿದ್ದೀರಿ. ಮಂಗಳೂರು ಕಡೆಯ ನನ್ನ ಗೆಳತಿಯ ಚಿಂತೆ ನಮ್ಮದಕ್ಕೆ ತಿರುವುಮುರುವು: ಶಾಲೆ ಹೇಳಿಕೊಡುತ್ತದೆ ಅಂತ ಮನೆಯವರು ಕೈಬಿಟ್ಟರೆ ನಂಬಿಕೆ ಸಮಾರಂಭಕ್ಕೇ ಮುಗಿಯುತ್ತದೆ ಅನ್ನುತ್ತಾಳೆ. ಕಮ್ಯೂನಿಯನ್ ಆದ ಮರುವಾರದಿಂದ ಚರ್ಚಿನ ಬಲಿಪೂಜೆಗೆ (ಮಾಸ್) ಬಾರದ ಸಹಪಾಠಿಗಳನ್ನು ನೋಡಿ ಅವಳ ಮಗ ಯಾಕೆ ಅಂತ ಕೇಳಿದನಂತೆ. ಅವರ ಮನೆಯಲ್ಲಿ ಪ್ರತಿ ರಾತ್ರಿ ಜಪಸರದ ಪ್ರಾರ್ಥನೆ (ರೋಸರಿ) ನಡೆಯುತ್ತದೆ, ಮಕ್ಕಳಿಗೆ ಪ್ರಾರ್ಥನೆಗಳು ಇಂಗ್ಲಿಷಿನಲ್ಲೂ ಬರುತ್ತವೆ, ಕೊಂಕಣಿಯಲ್ಲೂ ಬರುತ್ತವೆ. ನಂಬಿಕೆ ಬೇರೆಯಾದರೂ ಅವಳಿಗೂ ನನಗೂ ಇರುವ ಕೆಲಸ ಒಂದೇ ಅಂತ ಆಗ ಅನ್ನಿಸಿತು.

ಬೇರೆ ದಾರಿಯೂ ಇದೆ. 1978ರಲ್ಲಿ ಡಬ್ಲಿನ್ ಬಳಿಯ ಡಾಲ್ಕಿಯಲ್ಲಿ ಪೋಷಕರೇ ಕಟ್ಟಿದ ಶಾಲೆಯಿಂದ ಬೆಳೆದ ಎಜುಕೇಟ್ ಟುಗೆದರ್ ಶಾಲೆಗಳಲ್ಲಿ ಎಲ್ಲ ಧರ್ಮಗಳ ಪರಿಚಯ ಮಾತ್ರ ಇರುತ್ತದೆ, ಸಂಸ್ಕಾರದ ಸಿದ್ಧತೆ ಬೇಕಾದವರು ಶಾಲೆಯ ಹೊತ್ತಿನ ಆಚೆ ಮಾಡಿಸಿಕೊಳ್ಳಬೇಕು. 2008ರಿಂದ ಶುರುವಾದ ಕಮ್ಯುನಿಟಿ ನ್ಯಾಷನಲ್ ಸ್ಕೂಲ್‌ಗಳೂ ಬಹುಧರ್ಮದವೇ. ಹತ್ತಿರದಲ್ಲಿ ಇದ್ದರೆ ಎರಡಕ್ಕೂ ಅರ್ಜಿ ಹಾಕಿ. ಆದರೆ ಅದಕ್ಕಾಗಿ ದಿನಾ ದೂರ ಓಡಾಡಬೇಕು, ಬೀದಿಯ ಗೆಳೆಯರೆಲ್ಲ ಬೇರೆ ಶಾಲೆ ಅಂತಾದರೆ ನಾನಾದರೆ ಮನೆ ಪಕ್ಕದ ಶಾಲೆಯನ್ನೇ ಆರಿಸುತ್ತೇನೆ.

ಈಗಲೇ ಮಾಡಬೇಕಾದ್ದು ಇಷ್ಟು: ಶಾಲೆಯ ವೆಬ್‌ಸೈಟಿನಿಂದ ಪ್ರವೇಶ ನೀತಿ ತೆಗೆದು ಧರ್ಮಬೋಧನೆಯ ಭಾಗ ಓದಿ, ಆಮೇಲೆ ಪ್ರಿನ್ಸಿಪಾಲರಿಗೆ ಹತ್ತು ನಿಮಿಷ ಸಮಯ ಕೇಳಿ. ಯಾವ ಪಾಠಕ್ಕೆ ಮಗು ಕೂರುತ್ತದೆ, ಯಾವುದಕ್ಕೆ ಇಲ್ಲ, ಆಗ ಏನು ಮಾಡುತ್ತದೆ ಅಂತ ಮಾತಾಡಿ, ಒಪ್ಪಿದ್ದನ್ನು ಇಮೇಲ್‌ನಲ್ಲಿ ಬರೆದುಕೊಡಿ. ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ಟೀಚರ್‌ಗೆ ಅದನ್ನು ನೆನಪಿಸಬೇಕಾಗುತ್ತದೆ. ನಾವು ಬರೆದ ಪತ್ರದ ಒಕ್ಕಣೆ ಬೇಕಿದ್ದರೆ ಖಾಸಗಿ ಮೆಸೇಜ್ ಮಾಡಿ, ಕಳಿಸುತ್ತೇನೆ.